ಒಬ್ಬನ ಹಲ್ಲಿಗೆ ಮಾಡಿದ್ದು

“ನಾಕ ದಿನ ಹಾಕ್ಕೊಂಡ್ರ ಏನ್ ಸವದು ಹೋಕ್ಕೈತೇನು ಅದು? ಬಂಗಾರ ಕದ್ದವರ ಮುಂದ ಮಾತಾಡಿದಂಗ ಮಾತಾಡ್ತೀಯಲ್ಲ.”

“ಬಂಗಾರ ಆಗಿದ್ರ ನಾ ಬಾಯಿ ತೆಗೀತಿರಲಿಲ್ಲ ಭಾವಾ. ನನ್ನ ಬಂಗಾರ ಈಗೂ ಅಕ್ಕನ ಕೊಳ್ಳಾಗ ಐತಿ. ಕೇಳೀನೇನು?”

ನನ್ನ ನೆಗೆಣ್ಣಿ ದಾಕ್ಷಾಯಿಣಿ ಸೆರಗು ಎಳೆದು ಕೊರಳು ಮುಚ್ಚಿಕೊಂಡಳು. ಆ ಮೋಹನಮಾಲೆ ನನ್ನ ತವರಿನದು. ಅದನ್ನು ಹಾಕಿಕೊಂಡು ಯಲ್ಲಾಪುರಕ್ಕೆ ಮನೆತನ ನೋಡಲು ಹೋದವಳು ಈಗಷ್ಟೇ ಬಸ್ಸಿಳಿದು ಬಂದಿದ್ದಳು. ಅವಳ ಗಂಡ ಚಂದ್ರಶೇಖರಪ್ಪ, ಅಂದರೆ ನನ್ನ ಭಾವ, ಪಡಸಾಲೆಯ ನಡುವೆ ನಿಂತು ಕರ್ಚೀಫಿನ ಗಂಟೊಂದನ್ನು ನನ್ನ ಕಡೆ ಚಾಚಿದ್ದ. ಮದುವೆಯಾಗಿ ಬಂದಾಗಿನಿಂದ ಅವನನ್ನು ‘ಅವರು’ ಎಂದೇ ಅಂದಿದ್ದೇನೆ. ಎದುರು ನಿಂತು ಮಾತಾಡಿದ್ದೂ ಇಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳುವುದು, ಇಲ್ಲವೆ ಬಾಗಿಲ ಹಿಂದೆ ನಿಂತು ಗೋಡೆಗೆ ಹೇಳುವುದು. ಆವತ್ತು ಎದುರಿಗೇ ನಿಂತೆ.

ಗಂಟು ಬಿಚ್ಚಿದೆ. ಒಳಗೆ ನನ್ನ ಗಂಡನ ಕ್ಲಿಪ್ಪು ಇತ್ತು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು, ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕಿನ ಎರಡು ಪಟ್ಟಿ. ಎರಡನ್ನೂ ಬದಿಯಲ್ಲಿ ಸಣ್ಣ ಸ್ಕ್ರೂ ಇರುವ ಕಡ್ಡಿ ಜೋಡಿಸುತ್ತದೆ. ಕೆಳಗಿನ ಪಟ್ಟಿ ಎಡಗಡೆ ಉದ್ದಕ್ಕೆ ಸೀಳಿತ್ತು. ಕಡ್ಡಿ ಬಾಗಿತ್ತು. ಎಲೆಯಡಿಕೆಯ ಕೆಂಪು ಸಂದುಸಂದಿನಲ್ಲಿ ಕೂತಿತ್ತು.

“ಮುರದೀರಿ,” ಎಂದೆ.

“ಅದು ಮುರದಿದ್ದಲ್ಲ. ಕೂಡಲಿಲ್ಲ. ಒತ್ತಿದೆ, ಸೀಳ್ತು. ಅದರ ತಪ್ಪು.”

ಹೇಳುವಾಗ ಅವನ ಮಾತು ತೊದಲಿತು. ಎಡ ದವಡೆ ಊದಿಕೊಂಡು ಕೆನ್ನೆ ಬನ್ನಿನ ಹಾಗಾಗಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಗೋಡೆಗೆ ಒರಗಿ ನನ್ನ ಗಂಡ ಶಂಕ್ರಪ್ಪ ಕುಳಿತಿದ್ದರು. ಹಣೆಗೆ ಬ್ಯಾಂಡೇಜು. ಹಿಂದಿನ ದಿನ ಬೆಳಿಗ್ಗೆ ಅವರು ಓಡಿಸುತ್ತಿದ್ದ ಶಾಲೆಯ ವ್ಯಾನು, ಇಸಳೂರು ಬರುವ ಮೊದಲೇ, ರಸ್ತೆ ಬಿಟ್ಟು ಗದ್ದೆಗೆ ಇಳಿದಿತ್ತು. ಒಳಗೆ ನಮ್ಮೂರಿನ, ಆಚೀಚೆ ಊರಿನ ಮಕ್ಕಳು. ಗದ್ದೆ ತಗ್ಗಿನಲ್ಲಿರಲಿಲ್ಲ, ಕೆಸರೂ ಇತ್ತು, ಅದಕ್ಕೇ ಉಳಿದವು. ಮುಂದಿನ ಸೀಟಿನಲ್ಲಿದ್ದ ದೇವಿ ಎಂಬ ಹುಡುಗಿಯ ಮುಂಗೈ ಮುರಿಯಿತು. ಅವಳು ನಮ್ಮ ಓಣಿಯ ತುದಿಯ ಹುಚ್ಚಣ್ಣನ ಮಗಳು.

ಗಂಡನ ಕಾಯಿಲೆ ಏನು ಎನ್ನುವುದನ್ನು ಹೇಳಿಬಿಡುತ್ತೇನೆ. ನಿದ್ದೆಯಲ್ಲಿ ಅವರ ಉಸಿರು ನಿಲ್ಲುತ್ತದೆ. ಗೊರಕೆ ಅಂದರೆ ಸುಖನಿದ್ದೆ ಅಂತ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಆದರೆ ಅವರ ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೇ ಬಂದಾಗುತ್ತಿತ್ತು. ಎದೆ ಎದ್ದು ಬೀಳುತ್ತದೆ, ಗಾಳಿ ಇಲ್ಲ. ನಾನು ಭುಜ ಹಿಡಿದು ಅಲ್ಲಾಡಿಸಿದರೆ ನೀರಿನಿಂದ ಮೇಲೆದ್ದವರಂತೆ ಸೇದಿಕೊಳ್ಳುತ್ತಿದ್ದರು. ಬೆಳಗಾದರೆ ತಲೆನೋವು, ಸಿಡುಕು, ಕೂತಲ್ಲಿ ತೂಕಡಿಕೆ. ಮಕ್ಕಳು ಹತ್ತುವಷ್ಟರಲ್ಲಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದೂ ಉಂಟು. ಮಕ್ಕಳು ಅದನ್ನು ಆಟ ಅಂದುಕೊಂಡು ಹಾರ್ನ್ ಒತ್ತಿ ಎಬ್ಬಿಸುತ್ತಿದ್ದವು.

ಕಡೆಗೆ ನಾನೇ ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ನೋಡಿದರು. ಮೂಗಿಗೆ ಕಟ್ಟಿಕೊಂಡು ಮಲಗುವ ಗಾಳಿಯ ಮಷಿನ್ನು ಕೊಟ್ಟರು. ಅದನ್ನು ಇವರು ನಿದ್ದೆಗಣ್ಣಿನಲ್ಲಿ ಕಿತ್ತೆಸೆಯುತ್ತಿದ್ದರು. ನಮ್ಮೂರ ಕರೆಂಟೂ ಅದಕ್ಕೆ ಸರಿಯಾಗಿ ಸಾಥ್ ಕೊಡುತ್ತಿತ್ತು. ಆಮೇಲೆ ಶಿರಸಿಯ ಹಲ್ಲಿನ ಡಾಕ್ಟರು, ರೋಹಿಣಿ ಅಂತ, ಈ ಕ್ಲಿಪ್ಪು ಮಾಡಿಕೊಟ್ಟರು. ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಟ್ಟರೆ ದಾರಿ ತೆರೆದಿರುತ್ತದೆ. ಇಷ್ಟೇ ವಿಷಯ. ಮೆತ್ತನೆಯ ಹಿಟ್ಟಿನಂಥದ್ದನ್ನು ಕಚ್ಚಿಸಿ ಇವರ ಹಲ್ಲಿನ ಅಚ್ಚು ತೆಗೆದರು. ಆ ಅಚ್ಚಿನ ಮೇಲೆ ಎರಕ ಹೊಯ್ದ ಹಾಗೆ ಮಾಡಿದ್ದು ಅದು. ಸ್ಕ್ರೂ ಸ್ವಲ್ಪಸ್ವಲ್ಪವೇ ತಿರುಗಿಸಿ ದವಡೆಗೆ ರೂಢಿ ಮಾಡಬೇಕು. ಮೊದಮೊದಲು ದವಡೆ ನೋವು, ತಲೆದಿಂಬೆಲ್ಲ ಜೊಲ್ಲು. ಇನ್ನೊಂದು ಕಷ್ಟ, ಎಲೆಯಡಿಕೆಯ ಕವಳದ್ದು. ನಮ್ಮ ಕಡೆಯ ಗಂಡಸರು ಊಟವಾದ ಮೇಲೆ ಕವಳ ಹಾಕಿ, ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ಮಲಗುವವರು. ಅದನ್ನು ಬಿಡಿಸಲು ನಾನು ಆಡಿದ ಜಗಳ ಓಣಿಗೆಲ್ಲ ಗೊತ್ತು.

ಬಿಟ್ಟರು. ಹಾಕಿಕೊಂಡರು. ಆಮೇಲೆ ಏನಾಯಿತು ಗೊತ್ತೇ? ಬೆಳಿಗ್ಗೆ ಎದ್ದು ಮಾತಾಡತೊಡಗಿದರು. ಚಹಾ ಕುಡಿಯುತ್ತ, ಆಕಳು ಇವತ್ತು ಎಷ್ಟು ಹಿಂಡಿತು ಅಂತ ಕೇಳಿದರು. ಸಿದ್ದಾಪುರದ ಹಾಸ್ಟೆಲಿನಲ್ಲಿರುವ ಮಗನಿಗೆ ತಾವಾಗಿ ಫೋನ್ ಹಚ್ಚಿದರು. ನನ್ನ ಗಂಡ ಹೀಗೂ ಇರುತ್ತಾರೆ ಅಂತ ಆಗ ತಿಳಿಯಿತು ನನಗೆ.

ಅಂಥದ್ದನ್ನು ಎತ್ತಿ ಅಣ್ಣನ ಕೈಗೆ ಕೊಟ್ಟಿದ್ದರು.

ಈ ಮನೆಯಲ್ಲಿ ಒಂದು ಪದ್ಧತಿ. ಯಾರು ಪರರ ಮನೆಗೆ ಹೋಗುತ್ತಾರೋ ಅವರ ಮೈಮೇಲೆ ಮನೆಯ ಒಳ್ಳೆಯದೆಲ್ಲ ಇರಬೇಕು. ಭಾವನ ಕೈಗಡಿಯಾರ ಇವರ ಕೈಗೆ, ಇವರ ಉಂಗುರ ಭಾವನ ಬೆರಳಿಗೆ, ನನ್ನ ಸರ ನೆಗೆಣ್ಣಿಗೆ, ಅವಳ ಇಳಕಲ್ ಸೀರೆ ನನಗೆ. ಕೊಡೆಯೂ ಅಷ್ಟೆ, ಚಪ್ಪಲಿಯೂ ಅಷ್ಟೆ. ಕೇಳಿದರೆ ಕೊಡಬೇಕು, ಮುಖ ಸಣ್ಣ ಮಾಡಬಾರದು. ನಾನೂ ಕೊಟ್ಟಿದ್ದೇನೆ, ತೊಟ್ಟಿದ್ದೇನೆ. ಭಾವನ ಮಗಳು ಗಂಗಾಂಬಿಕೆಗೆ ಯಲ್ಲಾಪುರದ ಮನೆತನ ಕೂಡಿ ಬಂತು. ಬೀಗರು ಇದ್ದು ಹೋಗಿ ಅಂತ ಕರೆದರು. ಭಾವನ ಗೊರಕೆ ತಮ್ಮನದಕ್ಕಿಂತ ಜೋರು. ಹಿಂದೊಮ್ಮೆ ಮದುವೆ ಮನೆಯಲ್ಲಿ ಅವನನ್ನು ಹಾಸಿಗೆ ಸಮೇತ ಎತ್ತಿ ಕೊಟ್ಟಿಗೆಯಲ್ಲಿ ಇಟ್ಟು ಬಂದಿದ್ದರು. ಬೀಗರ ಮನೆಯಲ್ಲಿ ಅದಾಗಬಾರದು. ತಮ್ಮನ ಹತ್ತಿರ ಗೊರಕೆ ನಿಲ್ಲಿಸುವ ಸಾಮಾನಿದೆಯಲ್ಲ, ಕೇಳಿದ. ಇವರು ಕೊಟ್ಟರು. ಅತ್ತೆ ಮುರಿಗೆವ್ವ ದೇವರ ಜಗಲಿಯ ಮೇಲಿಂದ ಡಬ್ಬಿ ತೆಗೆದು, ತೊಳೆದು, ಕೈಗಿಟ್ಟಳು.

ಮಲಗುವ ಹೊತ್ತಿಗೆ ಡಬ್ಬಿ ಹುಡುಕಿದಾಗ ನನಗೆ ಗೊತ್ತಾಯಿತು. “ಅಣ್ಣ ಕೇಳಿದ, ಕೊಟ್ಟೆ,” ಎಂದರು. ಅಷ್ಟೇ. ಮತ್ತೇನೂ ಇಲ್ಲ. ಹಾಗಾದರೆ ಅವನು ಬರುವ ತನಕ ವ್ಯಾನ್ ಹತ್ತಬೇಡಿ, ಶಾಲೆಗೆ ಹೇಳಿ ಬೇರೆಯವರನ್ನು ಕಳಿಸಲಿ ಎಂದೆ. ಕೇಳಲಿಲ್ಲ. ಕೀಲಿಕೈ ಬಚ್ಚಿಟ್ಟೆ. ಅತ್ತೆ ಬೆಲ್ಲದ ಡಬ್ಬಿಯ ಹಿಂದಿನಿಂದ ಹುಡುಕಿ ತೆಗೆದು ಮಗನಿಗೆ ಕೊಟ್ಟಳು. ಯಲ್ಲಾಪುರದವರು ಮರುದಿನವೇ ಕಳಿಸಿಕೊಡುವ ಬದಲು ಸಂಬಂಧಿಕರ ಮನೆಗೆಲ್ಲ ಸುತ್ತಿಸಿದರು. ಇತ್ತ ಇವರು ದಿನದಿಂದ ದಿನಕ್ಕೆ ಮತ್ತೆ ಮಂಜಾದರು. ಆಮೇಲೆ ಗದ್ದೆ.

ಇಷ್ಟಾದ ಮೇಲೆ ಭಾವ ಬಂದು, ಸವೆದು ಹೋಗುತ್ತದೇನು ಅಂತ ಕೇಳಿದ್ದ.

“ಅಲ್ಲರಿ ಭಾವಾ, ಗೊರಕಿ ಹೊಡೀಬಾರದು ಅಂತ ಒಯ್ದ್ರಿ. ಹೊಡದ್ರೋ ಇಲ್ಲೋ, ಅದನ್ನರ ಹೇಳ್ರಿ.”

ಅವನು ಊದಿದ ಕೆನ್ನೆ ಸವರಿಕೊಂಡ. ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ.

“ಹೊಡದ್ರು. ಬೀಗರ ಅಟ್ಟದ ಮ್ಯಾಲಿನ ತಗಡು ನಡಗತಿತ್ತು. ಮುಂಜಾನೆ ನೋಡಿದ್ರ ಬಾಯಿ ತೆರಿಯಾಕ ಬರವಲ್ದು. ಹೋಳಿಗಿ ಮಾಡಿದ್ರು, ಒಂದು ತುತ್ತು ತಿನ್ನಲಿಲ್ಲ. ನಮ್ಮ ಮ್ಯಾಲೆ ಏನರ ಸಿಟ್ಟೇನರಿ ಅಂತ ಬೀಗತಿ ಮೂರು ಸಲ ಕೇಳಿದ್ಲು.”

“ನೀ ಸುಮ್ಕಿರು,” ಎಂದ ಭಾವ.

“ಕೇಳಿದಿರಿ?” ನಾನು ಅತ್ತೆಯ ಕಡೆ ತಿರುಗಿದೆ. “ಇವರ ಹಲ್ಲು ಬ್ಯಾರೆ, ಅವರ ಹಲ್ಲು ಬ್ಯಾರೆ. ಅಣ್ಣತಮ್ಮ ಆದ್ರೇನು, ದವಡಿ ಒಂದ ಇರತೈತೇನು? ಡಾಕ್ಟರ್ ಬಾಯಿ ಬಡಕೊಂಡು ಹೇಳಿದ್ರು, ಇದನ್ನ ಬ್ಯಾರೆಯವರ ಬಾಯಾಗ ಹಾಕಬ್ಯಾಡ್ರಿ ಅಂತ.”

“ಜಗಲಿ ಮ್ಯಾಲಿನ ಸಾಮಾನು ಮನಿ ಸಾಮಾನು,” ಎಂದಳು ಅತ್ತೆ. ಹುಲಿಯಂಥ ಮುದುಕಿ, ಕೂತಲ್ಲಿಂದ ಅಲ್ಲಾಡಲಿಲ್ಲ. “ಇಷ್ಟು ದಿನ ಒಂದ ಒಲಿ, ಒಂದ ಹಂಡೆ. ಇವತ್ತ ಇದು ನಂದು ಅದು ನಿಂದು ಅಂತ ಶುರು ಹಚ್ಚೀದಿ. ಏನವ್ವಾ, ಮನಿ ಒಡೀತಿಯೇನು?”

“ಅತ್ತಿ, ನಿಮ್ಮ ಕೊಳ್ಳಾಗಿನ ಲಿಂಗ ತೆಗದು ಅಕ್ಕನ ಕೊಳ್ಳಿಗೆ ಹಾಕ್ರಿ. ಬೀಗರ ಮನಿಗೆ ಹೊಂಟಾಳ, ಚೊಲೋ ಕಾಣತೈತಿ.”

ಅತ್ತೆಯ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

“ಹಾಕ್ರಿ. ಬೆಳ್ಳಿ ಕರಡಿಗಿ ಐತಿ, ಹೊಳೀತೈತಿ. ಯಾಕ, ಆಗೂದಿಲ್ಲೇನು? ಸರ ಕೊಡ್ತೀವಿ, ಸೀರಿ ಕೊಡ್ತೀವಿ, ಲಿಂಗ ಕೊಡೂದಿಲ್ಲ. ಅದು ಒಬ್ಬರಿಗೆ ಕಟ್ಟಿದ್ದು, ಅವರು ಮಣ್ಣಿಗೆ ಹೋಗೂತನಕ ಅವರದ. ಅಂಥಾದು ಇನ್ನೊಂದು ಇರಬಾರದೇನು ಈ ಮನಿಯಾಗ?”

“ಎಂಜಲ ಹಲ್ಲನ್ನ ಲಿಂಗಕ್ಕ ಹೋಲಸ್ತೀಯಾ?” ಅತ್ತೆಯ ದನಿ ನಡುಗಿತು. “ನಾಲಿಗಿಗೆ ಹುಳ ಬೀಳತಾವು. ಶಂಕ್ರಾ, ಕೇಳ್ದೇನು ನಿನ್ನ ಹೇಂತಿ ಮಾತು?”

ಇವರು ತಲೆ ಎತ್ತಲಿಲ್ಲ. ಬ್ಯಾಂಡೇಜಿನ ಕೆಳಗೆ ಕಣ್ಣು ಅರ್ಧ ಮುಚ್ಚಿದ್ದವು. ದುಃಖವಲ್ಲ, ಅವಮಾನವೂ ಅಲ್ಲ. ತೂಕಡಿಕೆ. ಮನುಷ್ಯ ತನ್ನ ವಿಷಯಕ್ಕೆ ನಡೆಯುವ ಜಗಳದಲ್ಲೇ ನಿದ್ದೆ ಹೋಗುತ್ತಿದ್ದ.

ಭಾವ ಕುರ್ಚಿ ಎಳೆದು ಕುಳಿತ. ಇನ್ನು ಯಜಮಾನನ ದನಿ.

“ಆದದ್ದಾತು. ಹುಚ್ಚ ಬರತಾನ, ಹಾದ್ಯಾಗ ಸಿಕ್ಕಿದ್ದ. ನಾಯಿ ಅಡ್ಡ ಬಂತು, ತಪ್ಪಸಾಕ ಹೋಗಿ ಗದ್ದಿಗೆ ಇಳೀತು. ಎಲ್ಲಾರೂ ಇದನ್ನ ಹೇಳೂದು. ವ್ಯಾನು ಸೋಮವಾರಕ್ಕ ರಿಪೇರಿ ಆಗತೈತಿ, ತಮ್ಮ ಸೋಮವಾರ ಹತ್ತತಾನ. ರೋಗ ಅದು ಇದು ಅಂತ ಒಬ್ಬರ ಬಾಯಾಗ ಬರಬಾರದು. ಈ ಮನಿತನದಾಗ ಹಗಲಿನಾಗ ಬೀಳೂ ರೋಗ ಐತಿ ಅಂತ ಯಲ್ಲಾಪುರಕ್ಕ ಮುಟ್ಟಿದ್ರ ನನ್ನ ಮಗಳನ್ನ ಯಾರು ಮಾಡ್ಕೋತಾರು?”

“ಹೊಸಾ ಕ್ಲಿಪ್ಪು ಮಾಡಾಕ ಮತ್ತ ಅಚ್ಚು ತೆಗೀಬೇಕು, ವಾರಗಟ್ಟಲೆ ಹಿಡೀತೈತಿ ಅಂತ ಡಾಕ್ಟರ್ ಫೋನಿನಾಗ ಹೇಳ್ಯಾರ,” ಎಂದೆ. “ಅಲ್ಲೀತನಕ ಇವರು ಹತ್ತೂಹಂಗಿಲ್ಲ. ನೀವು ಸುದ್ದಾ ಹೋಗಿ ತೋರಿಸ್ರಿ ಭಾವಾ. ನಿಮಗೂ ಇದ ಐತಿ.”

“ನನಗೇನಾಗೇತಿ? ಗೊರಕಿ ಗಂಡಸರು ಹೊಡಿಯೂದ.”

ಆಗ ಹುಚ್ಚಣ್ಣ ಬಂದ. ಕೈಯಲ್ಲಿ ಒಂದು ತಂಬಿಗೆ ಹಾಲು. ಮಗಳ ಕೈ ಮುರಿದುಕೊಂಡವನು, ಅದನ್ನು ಮುರಿದವರ ಮನೆಗೆ ಹಾಲು ತಂದಿದ್ದ.

“ಶಂಕ್ರಣ್ಣಗೆ ಬಿಸಿ ಮಾಡಿ ಕೊಡಿ ಅಕ್ಕಾ,” ಎಂದು ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟ. “ಗೌಡ್ರೆ, ಯಲ್ಲಾಪುರದ್ದು ಕೂಡಿ ಬಂತಂತೆ, ಖುಷಿಯಾಯ್ತು ಮಾರಾಯ್ರೆ.”

“ದೇವರ ದಯಾ. ನಿನ್ನ ಮಗಳು ಹ್ಯಾಂಗ ಅದಾಳ ಹುಚ್ಚಾ?”

“ಪ್ಲಾಸ್ಟರ್ ಹಾಕಿದ್ರು. ಈಗ ಅದ್ರ ಮೇಲೆ ಹೂ ಬರೀತಾ ಕೂತಿದೆ. ಎಡಗೈ ಆದದ್ದು ಚಲೋ ಆಯ್ತು, ಪರೀಕ್ಷೆ ಬರೀಬಹುದು.” ಅವನು ಇವರ ಮುಂದೆ ಕುಕ್ಕರುಗಾಲಲ್ಲಿ ಕೂತ. “ಹೆಂಗಾಯ್ತು ಶಂಕ್ರಣ್ಣಾ?”

ಇವರು ಬಾಯಿ ತೆರೆಯುವ ಮೊದಲೇ ಭಾವ ಹೇಳಿದ. “ನಾಯಿ. ಒಮ್ಮಿಂದೊಮ್ಮೆಲೆ ನುಗ್ಗಿತು. ಇವ ಇದ್ದಾನಂತ ಉಳದ್ವು, ಬ್ಯಾರೆಯವ ಆಗಿದ್ರ ಮರಕ್ಕ ಹೊಡೀತಿದ್ದ.”

“ಅದೇ ಅಂತೇನೆ ನಾನು,” ಎಂದ ಹುಚ್ಚಣ್ಣ. “ಇಷ್ಟು ವರ್ಷ ವ್ಯಾನ್ ಬಿಟ್ಟವರು. ನಮ್ಮ ಹುಡುಗಿ ಏನೇನೋ ಹೇಳ್ತು. ಮಾವ ಮಲಗಿದ್ದ, ನಾನು ಮಾವಾ ಮಾವಾ ಅಂದೆ, ಏಳಲಿಲ್ಲ ಅಂತ. ಸುಳ್ಳು ಹೇಳ್ತೀಯಾ ಅಂತ ಎರಡು ಬಿಟ್ಟೆ. ಹಿರಿಯರ ಮೇಲೆ ಹಂಗೆಲ್ಲ ಹೇಳೋದು ಕಲಿತರೆ ನಾಳೆ ಕಷ್ಟ. ಸೋಮವಾರ ಕಳಸ್ತೆ ನೋಡಿ, ಮುಂದಿನ ಸೀಟಲ್ಲೇ ಕೂರಿಸ್ಕೊಳ್ಳಿ, ಕೈ ತಾಗದ ಹಂಗೆ.”

ಮುರಿದ ಕೈಯ ಹುಡುಗಿಗೆ ನಿಜ ಹೇಳಿದ್ದಕ್ಕಾಗಿ ಏಟು ಬಿದ್ದಿತ್ತು.

ನಾನು ಇವರ ಮುಖ ನೋಡಿದೆ. ಹೇಳಲಿ ಅಂತ ಕಾದೆ. ತುಟಿ ಅಲುಗಿದವು. ಭಾವ ಕೆಮ್ಮಿದ. ತುಟಿ ನಿಂತವು.

“ಹುಚ್ಚಣ್ಣಾ,” ಎಂದೆ, “ನಿಮ್ಮ ಹುಡುಗಿ ಖರೇ ಹೇಳ್ಯಾಳ. ನಾಯಿ ಇಲ್ಲ, ಏನಿಲ್ಲ. ಇವರು ನಿದ್ದಿ ಹೋಗಿದ್ರು.”

“ಗೀತಾ,” ಎಂದ ಭಾವ.

“ಇವರಿಗೆ ರಾತ್ರಿ ಉಸಿರು ನಿಲ್ಲೂ ಜಡ್ಡು ಐತಿ. ಅದಕ್ಕ ಇದನ್ನ ಹಾಕ್ಕೊಂಡು ಮಲಗಬೇಕು.” ಕರ್ಚೀಫಿನಲ್ಲಿದ್ದದ್ದನ್ನು ಅವನ ಅಂಗೈಗೆ ಹಾಕಿದೆ. “ಇದನ್ನ ಭಾವ ಬೀಗರ ಮನಿಗೆ ಒಯ್ದಿದ್ರು. ಇದಿಲ್ಲದ ಮಲಗಿ, ಮುಂಜಾನೆದ್ದು ನಿಮ್ಮ ಮಕ್ಕಳನ್ನ ಹತ್ತಿಸ್ಕೊಂಡು ಹೋದ್ರು. ಈಗಿದು ಮುರದೈತಿ. ಸೋಮವಾರ ಇದಿಲ್ಲದ ಮತ್ತ ಹತ್ತತಾರಂತ. ಬ್ರೇಕ್ ಹಾಕಿದ ಗುರುತು ಐತೇನು ಹೋಗಿ ರಸ್ತಾ ನೋಡ್ರಿ.”

ಹುಚ್ಚಣ್ಣ ಅಂಗೈಯಲ್ಲಿದ್ದ ಪ್ಲಾಸ್ಟಿಕ್ಕಿನ ಹಲ್ಲನ್ನು ನೋಡಿದ. ಇವರ ಮುಖ ನೋಡಿದ.

“ಹೌದೇನು ಶಂಕ್ರಣ್ಣಾ?”

ಇವರು ಅಣ್ಣನ ಕಡೆ ನೋಡಿದರು. ಆಮೇಲೆ ನೆಲದ ಕಡೆ.

“ನಾಯಿನ ಬಂದಿತ್ತು,” ಎಂದರು.

ಸುಳ್ಳು ಹೇಳಲು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ಕೂಸು ಪಾಠ ಒಪ್ಪಿಸಿದ ಹಾಗೆ ಹೇಳಿದರು.

ಹುಚ್ಚಣ್ಣ ಎದ್ದು, ಮುರಿದ ಕ್ಲಿಪ್ಪನ್ನು ಹೊಸ್ತಿಲ ಮೇಲೆ, ತಂಬಿಗೆಯ ಪಕ್ಕ, ಹುಷಾರಾಗಿ ಇಟ್ಟ.

“ಹುಡುಗಿಗೆ ಹೊಡೆದುಬಿಟ್ಟೆ ನಾನು,” ಎಂದ. ಯಾರಿಗೆ ಹೇಳಿದನೋ. “ಸೋಮವಾರ ನಮ್ಮದು ಬರೋದಿಲ್ಲ.” ಚಪ್ಪಲಿ ಮೆಟ್ಟಿಕೊಂಡು ನಡೆದ. ಹಾಲಿನ ತಂಬಿಗೆ ಕೇಳಲಿಲ್ಲ.

ಅವನ ಬೆನ್ನು ಮರೆಯಾಗುವುದನ್ನೇ ಕಾದವನಂತೆ ಭಾವ ಎದ್ದ. “ಮನಿ ಮಾನ ಹಾದ್ಯಾಗ ಚೆಲ್ಲಿದಿ. ನನ್ನ ಮಗಳ ಲಗ್ನ ಮುರೀತಂದ್ರ ನಿನ್ನ ಹೆಸರು ಹೇಳತೀನಿ, ತಿಳೀತೇನು? ಇಂಥಾಕಿ ಜೋಡಿ ಹ್ಯಾಂಗ ಬಾಳೇವು ಮಾಡ್ತಿಯೋ ತಮ್ಮಾ?”

“ಆಕಿ ತವರಿನವರೆಲ್ಲಾ ಹಿಂಗ,” ಎಂದಳು ಅತ್ತೆ.

ದಾಕ್ಷಾಯಿಣಿ ಸೆರಗಿನ ಒಳಗೇ ಸರದ ಕೊಂಡಿ ಹುಡುಕುತ್ತಿದ್ದಳು. ಬಿಚ್ಚಿಕೊಡಬೇಕೋ ಬೇಡವೋ ಗೊತ್ತಾಗದೆ ಕೈ ಅಲ್ಲೇ ಇಟ್ಟುಕೊಂಡಿದ್ದಳು.

ನಾನು ಇವರ ಮುಂದೆ ಹೋಗಿ ನಿಂತೆ.

“ಒಂದ ಮಾತು ಕೇಳತೀನಿ. ನಾಯಿ ಬಂತೋ ಬಿಟ್ಟಿತೋ, ಅದು ಹೋಗ್ಲಿ. ಸೋಮವಾರ ವ್ಯಾನ್ ಹತ್ತತೀರೇನು?”

“ಅಣ್ಣ ಏನಂತಾನೋ ನೋಡೂಣು.”

“ಅಣ್ಣನ್ನ ಕೇಳಲಿಲ್ಲ ನಾ. ಆ ವ್ಯಾನಿನ್ಯಾಗ ಊರ ಮಕ್ಕಳು ಇರತಾವು. ನೀವು ಹೇಳ್ರಿ.”

“ನನಗ ಈಗ ತಲಿ ಓಡವಲ್ದು ಗೀತಾ. ಜರಾ ಮಲಗತೀನಿ,” ಎಂದರು.

ಅಲ್ಲೇ ಗೋಡೆಗೆ ತಲೆ ಆನಿಸಿದರು. ಕಣ್ಣು ಮುಚ್ಚಿದವು. ಬಾಯಿ ತೆರೆದುಕೊಂಡಿತು. ಗೊರಕೆ ಶುರುವಾಯಿತು, ಏರಿತು, ಏರಿತು, ನಿಂತಿತು. ಎಷ್ಟೋ ವರ್ಷದಿಂದ ಆ ನಿಂತ ಕ್ಷಣದಲ್ಲಿ ನನ್ನ ಕೈ ತಾನಾಗಿ ಆ ಭುಜಕ್ಕೆ ಹೋಗುತ್ತಿತ್ತು. ಆವತ್ತೂ ಹೋಯಿತು. ಅಲ್ಲಾಡಿಸಿದೆ. ಸೇದಿಕೊಂಡು ಉಸಿರು ಬಂತು. ಕಣ್ಣು ತೆರೆಯಲಿಲ್ಲ.

“ಅತ್ತಿ,” ಎಂದೆ, “ಇನ್ನ ಮ್ಯಾಲೆ ಇದು ನಿಮ್ಮ ಕೆಲಸ. ಉಸಿರು ನಿಂತಾಗ ಅಲ್ಲಾಡಸಬೇಕು. ಮರೀಬ್ಯಾಡ್ರಿ.”

ಒಳಗೆ ಹೋಗಿ ಎರಡು ಸೀರೆ, ನನ್ನ ಆಧಾರ್ ಕಾರ್ಡು, ಮಗನ ಫೋಟೋ ಚೀಲಕ್ಕೆ ಹಾಕಿದೆ. ಕ್ಲಿಪ್ಪಿನ ಖಾಲಿ ಡಬ್ಬಿ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿತ್ತು. ಹೊಸ್ತಿಲ ಮೇಲಿದ್ದ ಮುರಿದದ್ದನ್ನು ಎತ್ತಿ ತಂದು ಅದರಲ್ಲಿಟ್ಟು ಮುಚ್ಚಳ ಹಾಕಿದೆ. ಅಲ್ಲೇ ಬಿಟ್ಟೆ. ಮನೆಯ ಸಾಮಾನಲ್ಲವೇ.

“ಎಲ್ಲಿಗೆ ಹೊಂಟಿ?” ಎಂದ ಭಾವ. “ಹೋಗು. ನಾಕ ದಿನಕ್ಕ ಬರತೀಯಲ್ಲ, ಆಗ ಮಾತಾಡೂಣು.”

ದಾಕ್ಷಾಯಿಣಿ ಬಾಗಿಲ ತನಕ ಬಂದಳು. ಸರ ಕೈಯಲ್ಲಿತ್ತು.

“ಇದನ್ನರ ಹಾಕ್ಕೊಂಡು ಹೋಗ ಗೀತಾ. ಪರರ ಮನಿಗೆ ಹೊಂಟೀದಿ.”

“ಇಟ್ಕೋ ಅಕ್ಕಾ. ಲಗ್ನ ಐತಿ, ಬೇಕಾಗತೈತಿ.”

ಇಸಳೂರಿನಲ್ಲಿ ನನ್ನ ತಮ್ಮ ಆನಂದ ಹೊಸ ಮನೆ ಕಟ್ಟಿಸಿದ್ದಾನೆ. ಅಲ್ಲಿಗೆ ಹೋಗುತ್ತೇನೆ ಅಂತ ಅವರೆಲ್ಲ ತಿಳಿದಿರಬೇಕು. ಓಣಿಯ ತುದಿಯಲ್ಲಿ ದೇವಿ ಕಟ್ಟೆಯ ಮೇಲೆ ಕೂತು ಪ್ಲಾಸ್ಟರಿನ ಮೇಲೆ ಪೆನ್ನಿನಿಂದ ಗೀಚುತ್ತಿದ್ದಳು. ಹುಚ್ಚಣ್ಣ ಅವಳ ಪಕ್ಕ ಸುಮ್ಮನೆ ಕೂತಿದ್ದ. ನಾನು ನಿಲ್ಲಲಿಲ್ಲ. ಶಿರಸಿಯ ಬಸ್ಸು ಬಂತು, ಹತ್ತಿದೆ. ಕಂಡಕ್ಟರು ಹೆಂಗಸರ ಟಿಕೆಟ್ಟಿನ ಪುಸ್ತಕ ತೆಗೆದು ಎಲ್ಲಿಗೆ ಎಂದ.

ನಮ್ಮ ಮನೆಯವರು ವ್ಯಾನ್ ಬಿಡುವ ಶಾಲೆಯ ಹೆಸರು ಹೇಳಿದೆ. ಅದರ ಗೇಟಿನ ಮುಂದೆ ನಿಲ್ಲಿಸು ಎಂದೆ.

ಬಸ್ಸು ಇಸಳೂರಿನಲ್ಲಿ ನಿಂತಿತು, ಹೊರಟಿತು. ನಾನು ಇಳಿಯಲಿಲ್ಲ. ಶಾಲೆಯ ಮುಂದೆ ಇಳಿದು ಒಳಗೆ ಹೋಗಿ, ನಡೆದದ್ದನ್ನೆಲ್ಲ ಶಾಲೆಯವರ ಮುಂದೆ ಹೇಳಿದೆ. ಆಮೇಲೆ ಗಂಡನ ಊರಿಗೆ ನಾನು ಹೋಗಿಲ್ಲ.